ಕ್ರೆಡಿಟ್ ಶೆಲ್ ಮಾರಾಟ: ಹಂಪನಕಟ್ಟೆಯ ಏಜೆಂಟರೊಂದಿಗೆ ನನ್ನ ವ್ಯವಹಾರ

ಮುಂಬೈಯಲ್ಲಿರುವ ತಮ್ಮನ ಮಗನ ಮದುವೆಗೆಂದು 2020ರ ಏಪ್ರಿಲ್‌ನಲ್ಲಿ ನಾವು ಮೂವರು ಬಜಪೆಯಿಂದ ಹೊರಡಬೇಕಿದ್ದ ವಿಮಾನ ಲಾಕ್‌ಡೌನ್‌ನಿಂದಾಗಿ ರದ್ದಾಯಿತು. ಫೆಬ್ರವರಿಯಲ್ಲೇ ಮಂಗಳೂರು ಹಂಪನಕಟ್ಟೆಯ ಏಜೆಂಟರೊಬ್ಬರ ಮೂಲಕ ಕಟ್ಟಿದ್ದ 18,000 ರೂಪಾಯಿಯನ್ನು ವಿಮಾನ ಕಂಪನಿಯು ಹಿಂದಿರುಗಿಸದೆ, ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಬಳಸಬಹುದಾದ ಜಮೆ) ಎಂದು ತನ್ನಲ್ಲೇ ಇರಿಸಿಕೊಂಡಿತು. ಡಿಸೆಂಬರ್ ಕೊನೆಗೆ ಅದನ್ನು ಅದೇ ಏಜೆಂಟರ ಮೂಲಕ ಮಾರಿದೆ.

ಹಣದ ಮುಗ್ಗಟ್ಟಿನಲ್ಲಿರುವ ಕಂಪನಿಗಳು 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಶೆಲ್ ನೀಡಬಹುದು, ಪ್ರಯಾಣಿಕರು ಅದನ್ನು ಬೇರೆಯವರಿಗೆ ವರ್ಗಾಯಿಸಬಹುದು, ಬಳಸದೆ ಉಳಿದರೆ ಗಡುವು ಮುಗಿದೊಡನೆ ಹಣ ಮರಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ತೀರ್ಪು ನೀಡಿದ್ದರಿಂದಲೇ ಈ ಮಾರಾಟ ಸಾಧ್ಯವಾಯಿತು.

ಏಜೆಂಟರ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ಅಪರಿಚಿತರ ನಡುವೆ ನೇರವಾಗಿ ನಡೆಯುತ್ತಿದ್ದ ಮಾರಾಟದಲ್ಲಿ, ಹಣ ಪಡೆದ ಮೇಲೆ ಮಾರಿದವರೇ ಅದೇ ಶೆಲ್‌ನಿಂದ ಟಿಕೆಟ್ ತೆಗೆದುಬಿಡುವ ಅಥವಾ ವರ್ಗಾವಣೆಯಾದ ಮೇಲೆ ಕೊಂಡವರು ಹಣ ಕೊಡದಿರುವ ಭಯ ಇದ್ದೇ ಇತ್ತು. ಇವರು ಮುಂಬೈಗೆ ಹೊರಟಿದ್ದ ಪುತ್ತೂರಿನ ಕುಟುಂಬವೊಂದನ್ನು ತಾವೇ ಹುಡುಕಿ, 16,500 ರೂಪಾಯಿ ನನ್ನ ಖಾತೆಗೆ ಜಮೆಯಾದದ್ದನ್ನು ತೋರಿಸಿದ ನಂತರವೇ ವರ್ಗಾವಣೆಯ ಪತ್ರಕ್ಕೆ ಸಹಿ ಪಡೆದರು. ಉಡುಪಿಯಿಂದ ಎರಡನೆಯ ಸಲ ಬಸ್ಸು ಹತ್ತುವ ಅಗತ್ಯವೇ ಬೀಳಲಿಲ್ಲ.

ಆದರೆ ದರದ ವಿಷಯದಲ್ಲಿ ನನಗೆ ನಿಜವಾದ ಬೇಸರವಿದೆ. ಶೆಲ್‌ನ ಮೊತ್ತಕ್ಕೆ ಜೂನ್ 30ರವರೆಗೆ ತಿಂಗಳಿಗೆ ಶೇ. 0.5, ಆನಂತರ ತಿಂಗಳಿಗೆ ಶೇ. 0.75 ಸೇರುತ್ತಾ ಹೋಗಬೇಕೆಂದು ಅದೇ ತೀರ್ಪು ಹೇಳಿದೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಲೆಕ್ಕ ಹಾಕಿದರೆ ಶೇ. 6, ಅಂದರೆ 1,080 ರೂಪಾಯಿ. ನಾನು ಮಾರಿದ್ದು 18,000ದ ಶೆಲ್ಲನ್ನಲ್ಲ, 19,080ರದ್ದನ್ನು. ಇದನ್ನು ಏಜೆಂಟರು ಬಾಯಿಬಿಟ್ಟು ಹೇಳಲಿಲ್ಲ. ತೀರ್ಪನ್ನು ಓದಿ ಫೋನ್ ಮಾಡಿದಾಗ, "ಅದು ಕೊಂಡವರಿಗೆ ಸೇರುತ್ತದೆ ಅಕ್ಕ, ಎಲ್ಲರೂ ಹಾಗೆಯೇ ಮಾಡುತ್ತಾರೆ" ಎಂದರು. ಸೇರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಬೆಲೆ ಕಟ್ಟುವ ಮೊದಲು ಮಾರುವವಳಿಗೆ ಅದು ತಿಳಿದಿರಬೇಕಿತ್ತು.

ಜನವರಿ ಮೊದಲ ವಾರದಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಿದ್ದುದರಿಂದ ಮಾರಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ 2021ರ ಮಾರ್ಚ್ ಕೊನೆಯವರೆಗೆ ಕಾಯಲು ಸಾಧ್ಯವಿದ್ದವರು ಇಷ್ಟು ಹಣ ಬಿಟ್ಟುಕೊಡಬೇಕಾಗಿರಲಿಲ್ಲ. ಮಾರಲೇಬೇಕೆಂದಿದ್ದವರು ಶೆಲ್‌ನ ಅಂದಿನ ಮೌಲ್ಯವನ್ನು ವಿಮಾನ ಕಂಪನಿಯಿಂದ ಲಿಖಿತವಾಗಿ ಪಡೆದುಕೊಂಡು, ಆ ಕಾಗದವನ್ನು ಮುಂದಿಟ್ಟು ಏಜೆಂಟರೊಡನೆ ಮಾತು ಆರಂಭಿಸಬೇಕಿತ್ತು.