ದಾಲ್ ಮಿಲ್‌ನಲ್ಲಿ ಕೆ3ಎಸ್: ಎಲ್ಲಾ ಚೆಂದ, ಮೆಮೊರಿ ಲೆಕ್ಕ ಒಂದು ಬಿಟ್ಟು

ಕೆ3ಎಸ್ ಅಂದರೆ ಕೆಲವು ಕಂಪ್ಯೂಟರ್‌ಗಳನ್ನು ಒಂದು ಗುಂಪಾಗಿ (ಕ್ಲಸ್ಟರ್) ಕಟ್ಟಿ ಪ್ರೋಗ್ರಾಂಗಳನ್ನು ನಡೆಸುವ ಕ್ಯೂಬರ್ನೆಟೀಸ್‌ನ ಹಗುರ ಆವೃತ್ತಿ. ಅದನ್ನು ಹಾಕೋದು ಹೇಗೆ, ಜೊತೆಗೆ ಏನೇನು ಬರುತ್ತೆ ಅಂತ ಇಲ್ಲಿ ಬರೆಯಲ್ಲ. ಒಂದೇ ಬೈನರಿ, ಒಂದೇ ಕಮಾಂಡ್, ಅದು ನಿಮಗೆ ಗೊತ್ತಿರುತ್ತೆ. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ಗೆ ನಾನು ಇದನ್ನು ನಡೆಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗಳು, ತಲಾ 8 ಜಿಬಿ ರ್‍ಯಾಮ್. ಕಾಟಾದ ಮೇಲೆ ಲಾರಿ ನಿಂತರೆ ತೂಕ ಓದಬೇಕು, ಚೀಟಿ ಪ್ರಿಂಟ್ ಮಾಡಬೇಕು, ತೊಗರಿ ಸ್ಟಾಕ್ ಲೆಕ್ಕ ಇಡಬೇಕು. ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡು ಕೊಡಲು ಸಾಹುಕಾರರು ಒಪ್ಪಲಿಲ್ಲ. ನೆಟ್ ಹೋದರೂ ಚೀಟಿ ಬರಬೇಕು ಅಂದರು. ಅದೂ ಸರಿಯೇ.

ಮೊದಲ ದಿನಗಳಲ್ಲಿ ನನಗೆ ಇದರ ಮೇಲೆ ಪ್ರೀತಿ ಬಂದಿದ್ದು ಕರೆಂಟಿನಿಂದ. ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಬಂದ ಮೇಲೆ ಪಿಸಿಗಳು ತಾವೇ ಏಳುತ್ತವೆ, ಪಾಡ್‌ಗಳು (ಪ್ರೋಗ್ರಾಂ ನಡೆಯುವ ಪೆಟ್ಟಿಗೆಗಳಾದ ಕಂಟೇನರ್‌ಗಳ ಗುಂಪು) ತಾವೇ ಶುರುವಾಗುತ್ತವೆ, ಯಾರೂ ಫೋನ್ ಮಾಡಬೇಕಿಲ್ಲ. ಕ್ಲಸ್ಟರಿನ ಲೆಕ್ಕ ಇಡಲು ಬೇರೆ ಡೇಟಾಬೇಸ್ ನಡೆಸುವ ತಲೆನೋವಿಲ್ಲ. ಅದು ತನ್ನ ಸಂಸಾರವನ್ನು ಎಸ್‌ಕ್ಯೂಲೈಟ್ ಫೈಲಿನಲ್ಲೇ ಇಟ್ಟುಕೊಳ್ಳುತ್ತದೆ.

ಬೆಳಿಗ್ಗೆ ಮಿಲ್‌ಗೆ ಹೋದರೆ ನನ್ನ ಕೆಲಸ ಹೀಗೆ. ಮೊದಲು ಬ್ಲೋವರ್ ಹಿಡಿದು ಪಿಸಿಗಳ ಫ್ಯಾನಿನಲ್ಲಿ ಕೂತ ತೊಗರಿ ಹೊಟ್ಟಿನ ಪುಡಿ ಊದುತ್ತೇನೆ. ಅಷ್ಟರಲ್ಲಿ ಹಮಾಲರಿಗೆ ತಂದ ಕೆಟಲಿನಿಂದ ನನಗೂ ಒಂದು ಕಪ್ ಚಹಾ ಬರುತ್ತೆ. ಆಮೇಲೆ ಪ್ರತಿ ನೋಡ್ (ಕ್ಲಸ್ಟರಿನ ಒಂದೊಂದು ಪಿಸಿ) ಎಷ್ಟು ಮೆಮೊರಿ ತಿಂದಿದೆ ಅಂತ ತೋರಿಸುವ ಕ್ಯೂಬ್‌ಸಿಟಿಎಲ್ ಟಾಪ್ ನೋಡ್ ಕಮಾಂಡ್ ಒತ್ತಿ, ಬಂದ ಶೇಕಡಾವಾರು ಅಂಕಿಯನ್ನು ಗುಮಾಸ್ತರು ಕೊಟ್ಟ ಹಳೇ ಖಾತೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಇದನ್ನೇ ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾ ಹಾಕಬಹುದಿತ್ತು. ಆದರೆ ಅದಕ್ಕೂ ಅಂಕಿ ಕೂಡಿಡುವ ಪ್ರೊಮೀಥಿಯಸ್‌ಗೂ ಬೇಕಾದ ಮೆಮೊರಿ ಎಲ್ಲಿಂದ ತರೋದು?

ಈ ಪುಸ್ತಕದಲ್ಲೇ ಗೊತ್ತಾಗಿದ್ದು. ಸೀಸನ್‌ಗೆ ಮುಂಚೆ ಸಾಹುಕಾರರು ಕಾಟಾ ರೂಮಿಗೆ ಒಳ್ಳೆಯ ಯುಪಿಎಸ್ ಹಾಕಿಸಿದರು. ಅದಾದ ಮೇಲೆ ಒಂದು ನೋಡ್‌ನ ಮೆಮೊರಿ ದಿನಾ ಸ್ವಲ್ಪ ಸ್ವಲ್ಪ ಏರತೊಡಗಿತು. ಇಳಿಯಲೇ ಇಲ್ಲ. ಪಾಡ್‌ವಾರು ಲೆಕ್ಕ ಕೊಡುವ ಟಾಪ್ ಪಾಡ್ ನೋಡಿದರೆ ಪಾಡ್‌ಗಳೆಲ್ಲ ಸೇರಿ 2 ಜಿಬಿ ದಾಟಲ್ಲ, ನೋಡ್ ಮಾತ್ರ 6 ಜಿಬಿ ಮೇಲೆ ತೋರಿಸುತ್ತೆ. ಪಿಎಸ್ ಹಾಕಿ ಪ್ರೊಸೆಸ್‌ಗಳನ್ನು ಕೂಡಿಸಿದರೂ ತಾಳೆ ಇಲ್ಲ. ಉಳಿದದ್ದು ಯಾರ ಹೊಟ್ಟೆಯಲ್ಲಿದೆ?

ಎಲ್ಲರೂ ಹೇಳೋದು ಒಂದೇ, ಅದು ಪೇಜ್ ಕ್ಯಾಷ್ (ಡಿಸ್ಕಿನ ಫೈಲ್‌ಗಳ ಮೆಮೊರಿ ನಕಲು, ಬೇಕಾದಾಗ ಖಾಲಿಯಾಗುವಂಥದ್ದು), ಬಿಡಿ ಅಂತ. ಎಷ್ಟೋ ಸಲ ಅದೇ ನಿಜ. ಟಾಪ್ ತೋರಿಸುವ ವರ್ಕಿಂಗ್ ಸೆಟ್‌ನಲ್ಲಿ (ಬಳಕೆಯಲ್ಲಿದೆ ಅಂತ ಎಣಿಸುವ ಮೆಮೊರಿ) ಮತ್ತೆ ಮತ್ತೆ ಬಳಸುವ ಫೈಲ್‌ಗಳ ಕ್ಯಾಷ್ ಕೂಡ ಸೇರಿರುತ್ತೆ. ಕಳೆಯೋದು ಇನ್‌ಆಕ್ಟಿವ್, ಅಂದರೆ ಹೆಚ್ಚು ಬಳಸದ ಫೈಲ್‌ಗಳ ಕ್ಯಾಷನ್ನು ಮಾತ್ರ. ಹಾಗಾಗಿ ಕ್ಯಾಷ್ ಖಾಲಿ ಮಾಡಿಸುವ ಡ್ರಾಪ್ ಕ್ಯಾಷಸ್ ಫೈಲಿಗೆ 3 ಬರೆದು ನೋಡಿದೆ. ಅಂಕಿ ಅಲುಗಲಿಲ್ಲ. ಸ್ಲ್ಯಾಬ್‌ಟಾಪ್ ನೋಡಿದೆ, ಕರ್ನಲ್‌ನ (ಲಿನಕ್ಸ್‌ನ ತಿರುಳು) ಪಾಲೂ ಚಿಕ್ಕದೇ.

ಉತ್ತರ ಫ್ರೀ ಕಮಾಂಡಿನ ಯಾರೂ ನೋಡದ ಕಾಲಂನಲ್ಲಿತ್ತು, ಶೇರ್ಡ್. ಅಲ್ಲಿ 3 ಜಿಬಿಗಿಂತ ಜಾಸ್ತಿ. ಅಂದರೆ ಟಿಎಂಪಿಎಫ್‌ಎಸ್, ರ್‍ಯಾಮ್‌ನಲ್ಲೇ ಕೂತ ಫೈಲ್‌ಗಳು. ಇವು ಯಾವ ಪ್ರೊಸೆಸ್ಸಿನ ಲೆಕ್ಕಕ್ಕೂ ಬರಬೇಕೆಂದಿಲ್ಲ, ಕ್ಯಾಷ್ ಬಿಟ್ಟರೂ ಹೋಗಲ್ಲ. ಡಿಎಫ್ ಕಮಾಂಡಿಗೆ ಟಿಎಂಪಿಎಫ್‌ಎಸ್ ಮಾತ್ರ ತೋರಿಸು ಅಂದೆ. ಚೀಟಿ ಪಿಡಿಎಫ್ ಮಾಡುವ ಪಾಡ್‌ನ ಎಂಪ್ಟಿಡಿರ್ (ಪಾಡ್ ಇರುವಷ್ಟು ಕಾಲ ಇರುವ ತಾತ್ಕಾಲಿಕ ಫೋಲ್ಡರ್) ಬಾಯಿ ತುಂಬಿಕೊಂಡು ಕೂತಿತ್ತು. ಆ ಪಾಡ್ ಹೊರಗಿನವರು ಮಾಡಿಕೊಟ್ಟ ಚಾರ್ಟ್‌ನದು (ಪಾಡ್ ಹಾಕುವ ಸಿದ್ಧ ಸೆಟ್ಟಿಂಗ್‌ಗಳ ಕಟ್ಟು). ವೇಗಕ್ಕೆ ಅಂತ ಅದರಲ್ಲಿ "ಮೀಡಿಯಮ್: ಮೆಮೊರಿ", ಅಂದರೆ ಡಿಸ್ಕಿನ ಬದಲು ಮೆಮೊರಿಯಲ್ಲೇ ಇಡು ಅಂತ ಬರೆದಿದ್ದಾರೆ, ಸೈಜ್ ಲಿಮಿಟ್ ಇಲ್ಲ, ಹಳೇ ಪಿಡಿಎಫ್ ಅಳಿಸುವ ಕೆಲಸವೂ ಇಲ್ಲ.

ಹಾಗಾದರೆ ಟಾಪ್ ಪಾಡ್ ಯಾಕೆ ತೋರಿಸಲಿಲ್ಲ? ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ. ಪ್ರಿಂಟರ್ ಉತ್ತರ ಕೊಡದಿದ್ದರೆ ಆ ಕಂಟೇನರ್ ಬಿದ್ದು ಮತ್ತೆ ಏಳುತ್ತೆ. ಪಾಡ್ ಹಾಗೇ ಇರುವುದರಿಂದ ಫೈಲ್‌ಗಳೂ ಹಾಗೇ ಇರುತ್ತವೆ. ಆದರೆ ಅವನ್ನು ಬರೆದ ಹಳೇ ಕಂಟೇನರ್ ಸತ್ತಿರುತ್ತೆ. ಸಾಲ ಪಾಡ್‌ನ ಸಿಗ್ರೂಪ್ (ಕರ್ನಲ್ ಮೆಮೊರಿ ಲೆಕ್ಕ ಇಡುವ ಗುಂಪು) ತಲೆ ಮೇಲೆ ಉಳಿಯುತ್ತೆ, ಹೊಸ ಕಂಟೇನರ್ ಸಾಚಾ ಮುಖ ಮಾಡಿಕೊಂಡು 60 ಎಂಬಿ ತೋರಿಸುತ್ತೆ. ಟಾಪ್ ಕೂಡಿಸೋದು ಬದುಕಿರುವ ಕಂಟೇನರ್‌ಗಳನ್ನು ಮಾತ್ರ. ಪಾಡ್‌ನ ಸ್ಲೈಸ್‌ನೊಳಗಿನ (ಅದೇ ಸಿಗ್ರೂಪಿನ ಫೋಲ್ಡರ್) ಮೆಮೊರಿ ಡಾಟ್ ಸ್ಟ್ಯಾಟ್ ಫೈಲ್ ತೆರೆದು ಎಸ್‌ಎಚ್‌ಮೆಮ್ (ಶೇರ್ಡ್ ಮೆಮೊರಿ) ಸಾಲು ನೋಡಿದಾಗ ಲೆಕ್ಕ ಸರಿಯಾಗಿ ಕೂತಿತು.

ಯುಪಿಎಸ್ ಬರುವ ಮುಂಚೆ ಕರೆಂಟು ಹೋದಾಗಲೆಲ್ಲ ರ್‍ಯಾಮ್ ಖಾಲಿಯಾಗುತ್ತಿತ್ತು, ಅಷ್ಟೇ. ಕಾಯಿಲೆ ಮೊದಲಿಂದ ಇತ್ತು.

ಕೆ3ಎಸ್ ಮೇಲೆ ನನ್ನ ದೂರು ಬೇರೆಯೇ ಇದೆ. ಪ್ರತಿ ನೋಡ್‌ನಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಸಾಮಾನ್ಯವಾಗಿ 100 ಎಂಬಿಗಿಂತ ಕಡಿಮೆ ಮೆಮೊರಿ ಉಳಿದರೆ ಪಾಡ್ ಎತ್ತಂಗಡಿ (ಎವಿಕ್ಷನ್) ಮಾಡುತ್ತೆ. ನನ್ನ ಇನ್‌ಸ್ಟಾಲ್‌ನಲ್ಲಿ ಎವಿಕ್ಷನ್ ಸೆಟ್ಟಿಂಗ್ ತೆಗೆದು ನೋಡಿದರೆ ಡಿಸ್ಕ್ ಬಗ್ಗೆ ಮಾತ್ರ ಇತ್ತು, ಮೆಮೊರಿ ಸಾಲೇ ಇಲ್ಲ. ಹಾಗಾಗಿ ಮೆಮೊರಿ ಮುಗಿದಾಗ ನೇರ ಕರ್ನಲ್‌ನ ಓಓಎಂ ಕಿಲ್ಲರ್ ಇಳಿಯಿತು. ಅದು ಪ್ರೊಸೆಸ್ ಕೊಲ್ಲುತ್ತೆ, ಟಿಎಂಪಿಎಫ್‌ಎಸ್ ಫೈಲ್ ಅಳಿಸಲ್ಲ. ಕೊಂದರೂ ಜಾಗ ಸಿಗಲಿಲ್ಲ, ಇನ್ನೊಂದನ್ನು ಕೊಂದಿತು. ಹೊರಗೆ ಲಾರಿ ಸಾಲು ನಿಂತಿದೆ, ಕಾಟಾ ಹುಡುಗ "ಸರ್, ಚೀಟಿ ಬರವಲ್ದು ನೋಡ್ರಿ" ಅಂತ ಕೂಗುತ್ತಿದ್ದಾನೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ 137 (ಬಲವಂತವಾಗಿ ಕೊಂದ ಗುರುತು) ಅಂತ ಬಿದ್ದಿದೆ. ಎವಿಕ್ಷನ್ ಇದ್ದಿದ್ದರೆ ಪಾಡ್ ಹೋಗುತ್ತಿತ್ತು, ಪಾಡ್ ಜೊತೆ ಆ ಫೈಲ್‌ಗಳೂ ಹೋಗುತ್ತಿದ್ದವು.

ಈಗ ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ಎವಿಕ್ಷನ್ ಸಾಲು ಸೇರಿಸಿದ್ದೇನೆ. ಡಿಸ್ಕಿನ ಸಾಲುಗಳನ್ನೂ ಜೊತೆಗೇ ಬರೆಯಿರಿ, ಇಲ್ಲದಿದ್ದರೆ ಅವು ಹೋಗಿಬಿಡುತ್ತವೆ. ಪಿಡಿಎಫ್ ಪಾಡ್‌ನ ಎಂಪ್ಟಿಡಿರ್ ಡಿಸ್ಕಿಗೆ ಹೋಯಿತು. ಚೀಟಿ ನಿಧಾನವಾಯಿತು ಅಂತ ಯಾರೂ ಹೇಳಿಲ್ಲ. ಖಾತೆ ಪುಸ್ತಕದಲ್ಲಿ ಈಗ ಶೇರ್ಡ್‌ಗೂ ಒಂದು ಕಾಲಂ ಗೀಟು ಹಾಕಿದ್ದೇನೆ.

5ಕ್ಕೆ 4 ಕೊಡುತ್ತೇನೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಚೆನ್ನಾಗಿ ನಡೆಯುವುದು ನನಗೆ ಸಿಕ್ಕಿಲ್ಲ. ರ್‍ಯಾಮ್ ಹೆಚ್ಚಿಸಿ ಅಂತ ಅಂಗಡಿಯವರು ಕೊಟೇಶನ್ ಕೊಟ್ಟಿದ್ದರು. ಆ ದುಡ್ಡಿನಲ್ಲಿ ಸಾಹುಕಾರರು ಕಾಟಾ ರೂಮಿಗೆ ಕೂಲರ್ ತಂದರು.