ಬ್ಲೇಡ್, ಕೇಬಲ್, ಲಿಂಬ್: ಒಂದೇ ಕಾಂಪೌಂಡ್ ಬಿಲ್ಲಿನ ಮೇಲೆ ಮೂರು ರೆಸ್ಟ್‌ಗಳ ಹೋಲಿಕೆ

ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಯಾವ ರೆಸ್ಟ್ (ಬಾಣ ಕೂರುವ ಆಸರೆ) ಹಾಕಿಸಬೇಕು ಎಂದು ನಮ್ಮ ರೇಂಜುಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ದೊಡ್ಡ ಸ್ಪರ್ಧೆಗಳಲ್ಲಿ ಆಡುವವರು ಬ್ಲೇಡ್ ಹಾಕುತ್ತಾರೆ, ಆದ್ದರಿಂದ ನೀವೂ ಅದನ್ನೇ ಹಾಕಿ. ಆ ಉತ್ತರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ದೊಡ್ಡ ಸ್ಪರ್ಧೆಯ ಬಿಲ್ಲುಗಾರನ ಕೈ ಪಳಗಿರುವ ರೀತಿ, ಅವನ ಬೆನ್ನಿಗಿರುವ ತರಬೇತುದಾರ, ಬಿಲ್ಲನ್ನು ಬಾಗಿಸಿ ಹೆದೆ-ಕೇಬಲ್‌ಗಳ ಬಿಗಿ ಇಳಿಸುವ ಬೋ ಪ್ರೆಸ್ ಇರುವ ವರ್ಕ್‌ಶಾಪು ಇವೆಲ್ಲ ಆ ಉತ್ತರದೊಳಗೆ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಇವಾವುವೂ ಇಲ್ಲದೆ ಒಬ್ಬನೇ ಅಭ್ಯಾಸ ಮಾಡುವವನಿಗೆ ಯಾವುದು ಒಗ್ಗುತ್ತದೆ ಎಂದು ತಿಳಿಯುವ ಸಲುವಾಗಿ ಬ್ಲೇಡ್ ರೆಸ್ಟ್, ಕೇಬಲ್‌ಗೆ (ರಾಟೆಗಳನ್ನು ಜೋಡಿಸುವ ಹುರಿ) ಕಟ್ಟುವ ಡ್ರಾಪ್-ಅವೇ (ಬಾಣ ಹೊರಟೊಡನೆ ಕೆಳಗೆ ಬೀಳುವ ರೆಸ್ಟ್), ಲಿಂಬ್‌ಗೆ (ಬಿಲ್ಲಿನ ಬಾಗುವ ಭಾಗ) ಕಟ್ಟುವ ಡ್ರಾಪ್-ಅವೇ ಈ ಮೂರನ್ನೂ 54 ಪೌಂಡ್ ಎಳೆತದ, 28 ಇಂಚು ಡ್ರಾ (ಎಳೆತದ ಉದ್ದ) ಇರುವ ಒಂದೇ ಬಿಲ್ಲಿನ ಮೇಲೆ, ಅವೇ ಬಾಣಗಳಿಂದ ಪರೀಕ್ಷಿಸಿದ್ದೇನೆ. ಹೋಲಿಸಿರುವುದು ವಿಧಾನಗಳನ್ನಾದ್ದರಿಂದ ಕಂಪನಿಗಳ ಹೆಸರನ್ನು ತಂದಿಲ್ಲ.

2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸೇರಿದ ಕಾಂಪೌಂಡ್ ವಿಭಾಗದಲ್ಲಿ ಭಾರತದ ಪುರುಷರ ತಂಡ ಚಿನ್ನ ಗೆದ್ದಿತು. 2023ರಲ್ಲಿ ಹಾಂಗ್‌ಝೌನಲ್ಲಿ ಆ ವಿಭಾಗದ ಐದೂ ಚಿನ್ನಗಳು ನಮ್ಮವೇ ಆದವು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯೂ ಸೇರಿದೆ. ಹೊಸದಾಗಿ ಕಾಂಪೌಂಡ್ ಬಿಲ್ಲು ಹಿಡಿಯುವವರು ಹೆಚ್ಚುತ್ತಿರುವಾಗ, ಆಮದಾಗಿ ಬರುವ ದುಬಾರಿ ಸಾಮಾನನ್ನು ಕೇವಲ ಬಾಯಿಮಾತಿನ ಮೇಲೆ ಕೊಳ್ಳುವಂತಾಗಬಾರದು ಎಂಬುದು ನನ್ನ ಕಾಳಜಿ. ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು. ಡ್ರಾಪ್-ಅವೇ ರೆಸ್ಟ್‌ಗಳ ಜೊತೆ ಬರುವ ಕೈಪಿಡಿಗಳಲ್ಲಿ ಬಹುಪಾಲು ಅಮೆರಿಕದ ಬೇಟೆಗಾರರನ್ನು ಉದ್ದೇಶಿಸಿ ಬರೆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ನಮ್ಮಲ್ಲಿ ಬೇಟೆಯ ಮಾತೇ ಇಲ್ಲವಾದ್ದರಿಂದ, ಆ ಪುಟಗಳಲ್ಲಿರುವ ಅರ್ಧ ಸಲಹೆಗಳು ನಮಗೆ ಬೇಕಾಗುವುದಿಲ್ಲ. ನಮಗೆ ಬೇಕಾದದ್ದು 50 ಮೀಟರ್ ದೂರದ 80 ಸೆಂಟಿಮೀಟರ್ ಗುರಿಹಾಳೆಯ ಮೇಲೆ ಬಾಣಗಳು ಒಂದೇ ಕಡೆ ನೆಡುವುದು.

ಕೆಲಸದ ರೀತಿಯನ್ನು ಮೊದಲು ಹೇಳುತ್ತೇನೆ. ಬ್ಲೇಡ್ ರೆಸ್ಟ್‌ನಲ್ಲಿ ಸ್ಪ್ರಿಂಗ್ ಉಕ್ಕಿನ ತೆಳ್ಳನೆಯ ಪಟ್ಟಿಯೊಂದು ಮುಂದಕ್ಕೆ ಚಾಚಿಕೊಂಡಿದ್ದು, ಅದರ ಕವಲಿನ ಮೇಲೆ ಬಾಣ ಕೂರುತ್ತದೆ. ಅದು ಬೀಳುವುದಿಲ್ಲ, ಬಾಣದ ಒತ್ತಡಕ್ಕೆ ಬಾಗಿ ಮತ್ತೆ ನೇರವಾಗುತ್ತದೆ ಅಷ್ಟೆ. ಕೇಬಲ್ ಮಾದರಿಯಲ್ಲಿ, ಹೆದೆಯನ್ನು ಎಳೆಯುವಾಗ ಕೆಳಕ್ಕೆ ಸರಿಯುವ ಕೇಬಲ್‌ಗೆ ಒಂದು ದಾರ ಕಟ್ಟಿರುತ್ತದೆ. ಎಳೆತ ಮುಗಿಯುತ್ತಾ ಬಂದಂತೆ ಆ ದಾರ ರೆಸ್ಟ್‌ನ ತೋಳನ್ನು ಮೇಲೆತ್ತುತ್ತದೆ. ಬಾಣ ಬಿಟ್ಟೊಡನೆ ಕೇಬಲ್ ಮೇಲೆ ಹೋಗಿ ದಾರ ಸಡಿಲವಾಗುವುದರಿಂದ ಒಳಗಿನ ಸ್ಪ್ರಿಂಗ್ ತೋಳನ್ನು ಕೆಳಗೆ ಬೀಳಿಸುತ್ತದೆ. ಲಿಂಬ್ ಮಾದರಿ ಇದಕ್ಕೆ ತೀರ ಉಲ್ಟಾ. ಅದರ ಸ್ಪ್ರಿಂಗ್ ತೋಳನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ, ಲಿಂಬ್‌ಗೆ ಕಟ್ಟಿದ ಬಿಗಿ ದಾರ ಅದನ್ನು ಕೆಳಗೆ ಹಿಡಿದಿರುತ್ತದೆ. ಎಳೆದಾಗ ಲಿಂಬ್ ಬಾಗಿ ದಾರ ಸಡಿಲಗೊಂಡು ತೋಳು ಎದ್ದು ನಿಲ್ಲುತ್ತದೆ, ಬಿಟ್ಟಾಗ ಲಿಂಬ್ ಮರಳಿ ನೆಟ್ಟಗಾಗುತ್ತಾ ಅದೇ ದಾರದಿಂದ ತೋಳನ್ನು ಎಳೆದು ಮಲಗಿಸುತ್ತದೆ. ಸ್ಪ್ರಿಂಗ್ ಬೀಳಿಸುವುದಕ್ಕೂ ಲಿಂಬ್ ಎಳೆದು ಹಿಡಿಯುವುದಕ್ಕೂ ಇರುವ ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ಪರೀಕ್ಷೆಯಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿತು.

ಕೂರಿಸುವ ಮೊದಲ ಹಂತ ಮೂರಕ್ಕೂ ಒಂದೇ. ಬಿಲ್ಲನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿಸಿ, ಹೆದೆಗೊಂದು ಲೆವೆಲ್, ಬಾಣಕ್ಕೊಂದು ಲೆವೆಲ್ ಇಟ್ಟು, ಬಾಣ ರೈಸರ್‌ನ (ಬಿಲ್ಲಿನ ಹಿಡಿಯಿರುವ ನಡುಭಾಗ) ಬರ್ಗರ್ ತೂತಿನ, ಅಂದರೆ ರೆಸ್ಟ್ ಬಿಗಿಯುವ ತೂತಿನ ನಡುವಿನಲ್ಲಿ ಹಾದುಹೋಗುವಂತೆ ಎತ್ತರವನ್ನು ಹೊಂದಿಸಿದೆ. ರೈಸರ್‌ನಿಂದ ಬಾಣದ ಮಧ್ಯಕ್ಕೆ ಇರಬೇಕಾದ ದೂರವನ್ನು ಎಲ್ಲರೂ ಆರಂಭಕ್ಕೆ ಇಟ್ಟುಕೊಳ್ಳುವ 13/16 ಇಂಚು, ಅಂದರೆ ಸುಮಾರು 20.6 ಮಿಲಿಮೀಟರಿಗೆ ಇಟ್ಟೆ. ಡ್ರಾಪ್-ಅವೇಯಲ್ಲಿ ಈ ಅಳತೆಗಳನ್ನೆಲ್ಲ ತೋಳು ಪೂರ್ತಿ ಎದ್ದಿರುವಾಗಲೇ ತೆಗೆದುಕೊಳ್ಳಬೇಕು; ಮಲಗಿರುವ ತೋಳಿನ ಮೇಲೆ ಬಾಣವಿಟ್ಟು ಅಳೆದರೆ ಹೆದೆಯಲ್ಲಿ ಬಾಣ ಸಿಕ್ಕಿಸುವ ನಾಕಿಂಗ್ ಪಾಯಿಂಟ್ ತಪ್ಪಾದ ಜಾಗಕ್ಕೆ ಹೋಗುತ್ತದೆ.

ಬ್ಲೇಡ್‌ನಲ್ಲಿ ಇದಾದ ಮೇಲೆ ಉಳಿಯುವುದು ಪಟ್ಟಿಯ ಕೋನ ಮತ್ತು ದಪ್ಪದ ಆಯ್ಕೆ ಮಾತ್ರ. ಸಪುರದ ಕಾರ್ಬನ್ ಬಾಣಕ್ಕೆ 0.008 ಅಥವಾ 0.010 ಇಂಚಿನ ಪಟ್ಟಿ ಸಾಕು, ತೂಕದ ಬಾಣಕ್ಕೆ 0.012 ಬೇಕಾಗಬಹುದು. ಕೋನವನ್ನು ಸುಮಾರು 30 ಡಿಗ್ರಿಗೆ ಇಟ್ಟು ಕೆಲಸ ಶುರುಮಾಡಬಹುದು. ದಾರವಿಲ್ಲ, ಗಂಟಿಲ್ಲ, ತೋಳು ಏಳುವ-ಬೀಳುವ ಹೊತ್ತನ್ನು ಹೊಂದಿಸುವ ಟೈಮಿಂಗ್ ಎಂಬ ಪದವೇ ಇಲ್ಲ.

ಕೇಬಲ್ ಮಾದರಿಯಲ್ಲಿ ನಿಜವಾದ ಕೆಲಸ ಇಲ್ಲಿಂದಲೇ ಶುರು. ದಾರವನ್ನು ಕೇಬಲ್‌ನ ಎಳೆಗಳ ನಡುವೆ ತೂರಿಸಿ ಸರ್ವಿಂಗ್ (ಬಿಗಿಯಾದ ನೂಲಿನ ಸುತ್ತು) ಸುತ್ತುವುದು ಒಳ್ಳೆಯ ಕ್ರಮ, ಆದರೆ ಕೇಬಲ್‌ನ ಬಿಗಿ ಇಳಿಸದೆ ಎಳೆಗಳನ್ನು ಬಿಡಿಸಲಾಗದ ಕಾರಣ ಅದಕ್ಕೆ ಬೋ ಪ್ರೆಸ್ ಬೇಕು. ಪ್ರೆಸ್ ಇಲ್ಲದವರು ಜೊತೆಗೆ ಬರುವ ಚಿಕ್ಕ ಕ್ಲ್ಯಾಂಪ್ ಹಾಕಬಹುದು, ನಾನೂ ಮೊದಲು ಅದನ್ನೇ ಹಾಕಿ ನೋಡಿದೆ. ಎಳೆತದ ಕೊನೆಯ ಒಂದರಿಂದ ಎರಡು ಇಂಚಿನ ಒಳಗೆ ತೋಳು ಪೂರ್ತಿ ಏಳುವಂತೆ ದಾರದ ಉದ್ದವನ್ನು ಹೊಂದಿಸಬೇಕು. ಅದಕ್ಕಿಂತ ಬೇಗ ಎದ್ದರೆ ಮಿಕ್ಕ ಎಳೆತವೆಲ್ಲ ದಾರವನ್ನೂ ಕೇಬಲ್ಲನ್ನೂ ಜಗ್ಗುತ್ತದೆ. ಕ್ಯಾಮ್ (ಬಿಲ್ಲಿನ ತುದಿಯ ರಾಟೆ) ಕೊನೆ ಮುಟ್ಟಿದಾಗ ಕೈಗೆ ಸಿಗಬೇಕಾದ ಗಟ್ಟಿ ತಡೆ ಮೆತ್ತಗಾಗಿ, ಪೂರ್ತಿ ಎಳೆದಿದ್ದೇವೋ ಇಲ್ಲವೋ ಎಂಬ ಅನುಮಾನ ಪ್ರತಿ ಬಾಣಕ್ಕೂ ಉಳಿಯುತ್ತದೆ. ತಡವಾಗಿ ಎದ್ದರೆ ಪೂರ್ತಿ ಎಳೆದ ಮೇಲೂ ಬಾಣ ತನ್ನ ಎತ್ತರಕ್ಕೆ ಬಂದಿರುವುದಿಲ್ಲ. ಒಬ್ಬರೇ ಇದ್ದಾಗ ಇದನ್ನು ಅಂದಾಜಿಸುವುದು ಕಷ್ಟವಾದ್ದರಿಂದ ಪಕ್ಕದಲ್ಲಿ ನಿಂತು ತೋಳನ್ನೇ ನೋಡುವ ಜೊತೆಗಾರನೊಬ್ಬ ಬೇಕು. ಹೊಂದಿಕೆಯಾದ ಮೇಲೆ ಕ್ಲ್ಯಾಂಪ್‌ನ ಎರಡೂ ಬದಿ ಕೇಬಲ್ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಿಂದ ಗೆರೆ ಎಳೆದಿಟ್ಟೆ.

ಲಿಂಬ್ ಮಾದರಿಗೆ ಪ್ರೆಸ್ ಬೇಡ. ದಾರವನ್ನು ಕ್ಯಾಮ್‌ಗೆ ಹತ್ತಿರವಾಗಿ ಲಿಂಬ್‌ಗೆ ಸಿಕ್ಕಿಸಿ, ಬಿಲ್ಲು ಸುಮ್ಮನಿರುವಾಗ ತೋಳು ಪೂರ್ತಿ ಮಲಗುವ ತನಕ ಎಳೆದು, ಇನ್ನೊಂದಿಷ್ಟು ಬಿಗಿ ಸೇರಿಸಿ ಕಟ್ಟಿದರೆ ಮುಗಿಯಿತು. ಎಳೆತದ ಆರಂಭದ ಭಾಗದಲ್ಲಿಯೇ ತೋಳು ಏಳುತ್ತದೆ, ಪೂರ್ತಿ ಎಳೆದಾಗ ದಾರ ಜೋಲಾಡುತ್ತಿರುತ್ತದೆ. ಕ್ಯಾಮ್‌ನ ಮೇಲಾಗಲಿ ಕೇಬಲ್‌ನ ಮೇಲಾಗಲಿ ರೆಸ್ಟ್‌ನ ಭಾರ ಬೀಳುವುದೇ ಇಲ್ಲವಾದ್ದರಿಂದ ಎಳೆತದ ಕೊನೆಯ ಗಟ್ಟಿತನ ಹಾಗೆಯೇ ಉಳಿಯುತ್ತದೆ. ಕೂರಿಸುವ ಸುಲಭದಲ್ಲಿ ಬ್ಲೇಡ್ ಮೊದಲು, ಲಿಂಬ್ ಅದರ ಬೆನ್ನಿಗೇ, ಕೇಬಲ್ ಬಹಳ ಹಿಂದೆ.

ಇನ್ನು ಪರೀಕ್ಷೆ. ತೋಳು ಸಮಯಕ್ಕೆ ಬೀಳುತ್ತಿದೆಯೇ ಎಂದು ನೋಡಲು ಈಗ ಎಲ್ಲರೂ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ತೆಗೆಯುತ್ತಾರೆ. ಅದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ಒಂದು ಸಣ್ಣ ಲೆಕ್ಕ ಹೇಳುತ್ತದೆ. ಇಂಥ ಬಿಲ್ಲಿನಲ್ಲಿ ಹೆದೆ ಬಾಣವನ್ನು ದೂಡುವುದು ಅರ್ಧ ಮೀಟರಿನಷ್ಟು ದೂರ. ಬಾಣ ಸೆಕೆಂಡಿಗೆ 80 ಮೀಟರ್ ವೇಗ ಮುಟ್ಟುತ್ತದೆ ಎಂದಿಟ್ಟುಕೊಂಡರೆ ಈ ದೂಡುವಿಕೆ 12-13 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿಗೆ ಅಷ್ಟು ಹೊತ್ತಿನಲ್ಲಿ ಸಿಗುವುದು ಮೂರೇ ಚಿತ್ರ. ಬಾಣ ಹೆದೆಯನ್ನು ಬಿಟ್ಟ ಮೇಲೆ ಗರಿಗಳು ರೆಸ್ಟನ್ನು ತಲುಪಲು ಬೇಕಾಗುವ ಸಮಯವಂತೂ ಒಂದು ಮಿಲಿಸೆಕೆಂಡಿನ ಆಸುಪಾಸು, ಅಂದರೆ ನಮಗೆ ನೋಡಬೇಕಾದ ಕ್ಷಣ ಎರಡು ಚಿತ್ರಗಳ ನಡುವಿನ ಸಂದಿಯಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ವಿಡಿಯೋದಲ್ಲಿ ತೋಳು ಬಿದ್ದಂತೆ ಕಂಡಿತೆಂದು ನೆಮ್ಮದಿಯಿಂದ ಇರುವಂತಿಲ್ಲ. ಬಿದ್ದ ತೋಳು ಪುಟಿದು ಮತ್ತೆ ಮೇಲೇಳುವುದನ್ನು ಹಿಡಿಯಲು ಮಾತ್ರ ವಿಡಿಯೋ ಚೆನ್ನಾಗಿ ಒದಗುತ್ತದೆ.

ನಂಬಬಹುದಾದ ಸಾಕ್ಷಿ ಪುಡಿಯದು. ಒಣ ಪೌಡರ್ ಸ್ಪ್ರೇಯನ್ನು ಗರಿಗಳಿಗೂ ಬಾಣದ ಹಿಂಭಾಗಕ್ಕೂ ರೆಸ್ಟ್‌ನ ಕವಲಿಗೂ ತೆಳುವಾಗಿ ಹೊಡೆದು ಹತ್ತಿರದಿಂದ ಬಾಣ ಬಿಟ್ಟರೆ, ಎಲ್ಲಿ ತಾಗಿತೋ ಅಲ್ಲಿ ಬಿಳಿ ಪದರ ಅಳಿಸಿಹೋಗಿರುತ್ತದೆ. ಬ್ಲೇಡ್‌ನಲ್ಲಿ, ಎರಡು ಗರಿಗಳು ಪಟ್ಟಿಯ ಅಕ್ಕಪಕ್ಕದಲ್ಲಿ ಹಾಯುವಂತೆ ನಾಕ್ (ಹೆದೆಗೆ ಸಿಕ್ಕುವ ಬಾಣದ ಹಿಂತುದಿ) ತಿರುಗಿಸಿದ ಮೇಲೆ ಗರಿಗಳು ಪೂರ್ತಿ ಶುಭ್ರವಾಗಿದ್ದವು. ನಾಕ್ ಕೊಂಚ ತಿರುಗಿದ್ದ ಬಾಣದಲ್ಲಿ ಮಾತ್ರ ಒಂದು ಗರಿಯ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣಿಸಿತು. ಲಿಂಬ್ ಮಾದರಿಯಲ್ಲಿ ನಾಕ್ ಹೇಗೆ ತಿರುಗಿದ್ದರೂ ಗರಿಗಳ ಪುಡಿ ಅಲುಗಲಿಲ್ಲ. ಕೇಬಲ್ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ದಿನ ಫಲಿತಾಂಶ ಅಷ್ಟೇ ಚೆನ್ನಾಗಿತ್ತು. ಕೆಲವು ವಾರಗಳ ಅಭ್ಯಾಸದ ನಂತರ ಅದೇ ಪರೀಕ್ಷೆ ಮಾಡಿದಾಗ ಕೆಳಗಿನ ಗರಿಯ ಹಿಂತುದಿಯಲ್ಲಿ ಉಗುರಿನ ಅಗಲದ ಪುಡಿ ಒರೆಸಿಹೋಗಿತ್ತು. ಕ್ಲ್ಯಾಂಪ್ ಜಾರಿರಬಹುದೆಂದು ನೋಡಿದರೆ ಬೆಳ್ಳಿ ಗೆರೆಗಳು ಇದ್ದಲ್ಲೇ ಇದ್ದವು. ವಿಡಿಯೋದಲ್ಲಿ ಕಾರಣ ಸಿಕ್ಕಿತು: ತೋಳು ಬಿದ್ದು ತಳಕ್ಕೆ ಬಡಿದು ಪುಟಿಯುತ್ತಿತ್ತು, ತಳಕ್ಕೆ ಅಂಟಿಸಿದ್ದ ಫೆಲ್ಟ್ ಬಟ್ಟೆ ಬಡಿತಕ್ಕೆ ಸವೆದು ಗಟ್ಟಿಯಾಗಿತ್ತು. ಹೊಸ ಫೆಲ್ಟ್ ಅಂಟಿಸಿದ ಮೇಲೆ ಗುರುತು ಮಾಯವಾಯಿತು. ಲಿಂಬ್ ಮಾದರಿಯಲ್ಲಿ ಬಿದ್ದ ತೋಳನ್ನು ಬಿಗಿ ದಾರ ಹಿಡಿದೇ ಇರುವುದರಿಂದ ಪುಟಿಯುವಿಕೆಗೆ ಆಸ್ಪದ ಬಹಳ ಕಡಿಮೆ.

ಎರಡು ಮೀಟರ್ ದೂರದಲ್ಲಿ ಕಾಗದ ಕಟ್ಟಿ ಬಾಣ ಹಾಯಿಸುವ ಪರೀಕ್ಷೆಯನ್ನು ಪುಡಿಯ ಪರೀಕ್ಷೆಯ ಜೊತೆಗೇ ಓದಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬಾಣದ ಬಾಲ ಮೇಲಕ್ಕೆ ಹರಿದ ಗುರುತು ಬಿದ್ದರೆ ಸಾಮಾನ್ಯವಾಗಿ ನಾಕಿಂಗ್ ಪಾಯಿಂಟ್ ಇಳಿಸುತ್ತೇವೆ, ಇಲ್ಲವೇ ರೆಸ್ಟ್ ಎತ್ತುತ್ತೇವೆ. ಹಾಗೆ ಎಷ್ಟು ಸರಿಸಿದರೂ ಹರಿದ ಉದ್ದ ಬದಲಾಗದಿದ್ದರೆ ತೊಂದರೆ ಎತ್ತರದ್ದಲ್ಲ, ಬಾಣದ ಹಿಂಭಾಗ ರೆಸ್ಟಿಗೆ ತಾಗಿ ಚಿಮ್ಮುತ್ತಿದೆ ಎಂದೇ ತಿಳಿಯಬೇಕು. ಫೆಲ್ಟ್ ಸವೆದಿದ್ದಾಗ ನನ್ನ ಕಾಗದ ಹೇಳುತ್ತಿದ್ದದ್ದು ಅದನ್ನೇ. ಪುಡಿ ಇಲ್ಲದಿದ್ದರೆ ನಾಕಿಂಗ್ ಪಾಯಿಂಟ್ ಸರಿಸುತ್ತಲೇ ಹೊತ್ತು ಹೋಗುತ್ತಿತ್ತು.

ಗುರಿಯ ಮೇಲಿನ ಫಲ ಹೇಗೆ ಎಂದು ಕೇಳುವುದು ಸಹಜ. ಗಾಳಿಯಿಲ್ಲದ ಬೆಳಗಿನಲ್ಲಿ 50 ಮೀಟರಿನಿಂದ, ಸರಿಯಾಗಿ ಹೊಂದಿಸಿದ ಮೂರು ರೆಸ್ಟ್‌ಗಳ ನಡುವೆ ನನ್ನ ಮಟ್ಟದ ಬಿಲ್ಲುಗಾರ ಅಂತರ ತೋರಿಸಲಾರ. ಅಂತರ ಬಿದ್ದದ್ದು ಆಷಾಢದ ಗಾಳಿಯಲ್ಲಿ. ಬಯಲಿನಲ್ಲಿ ಅಡ್ಡಗಾಳಿ ಬೀಸುವಾಗ ಬ್ಲೇಡ್ ಮೇಲೆ ಕೂತ ಸಪುರ ಬಾಣ ಎಳೆಯುವ ನಡುವೆಯೇ ಪಟ್ಟಿಯಿಂದ ಜಾರಿ ಬೀಳುತ್ತಿತ್ತು. ಪಂದ್ಯದಲ್ಲಿ ಇಬ್ಬರು ಸರದಿಯಂತೆ ಆಡುವಾಗ ಒಂದು ಬಾಣಕ್ಕೆ ಸಿಗುವುದು 20 ಸೆಕೆಂಡ್. ಬಿದ್ದ ಬಾಣವನ್ನು ಮತ್ತೆ ಕೂರಿಸಿ ಉಸಿರು ಸಮ ಮಾಡಿಕೊಳ್ಳುವಷ್ಟರಲ್ಲಿ ಆ ಅವಕಾಶ ಕೈಜಾರಿರುತ್ತದೆ. ಡ್ರಾಪ್-ಅವೇಗಳ ಅಗಲವಾದ ಕವಲಿನಲ್ಲಿ ಬಾಣ ಕೂತಲ್ಲೇ ಕೂತಿರುತ್ತದೆ. ಎಳೆದದ್ದನ್ನು ಬಾಣ ಬಿಡದೆ ವಾಪಸು ಇಳಿಸುವಾಗಲೂ ಹೀಗೆಯೇ: ಬ್ಲೇಡ್‌ನಲ್ಲಿ ಕೈ ನಡುಗಿದರೆ ಬಾಣ ಕೆಳಗೆ, ಲಿಂಬ್ ಮಾದರಿಯಲ್ಲಿ ಬಾಣ ತೋಳಿನೊಡನೆ ಮೆಲ್ಲಗೆ ಇಳಿದು ರೈಸರ್‌ನ ಫೆಲ್ಟ್ ಮೇಲೆ ಒರಗುತ್ತದೆ. ಹೊಸಬರಿಗೆ ಕಲಿಸುವವರು ಈ ಒಂದು ಗುಣಕ್ಕಾದರೂ ಡ್ರಾಪ್-ಅವೇಯನ್ನು ಪರಿಗಣಿಸಬೇಕು, ಏಕೆಂದರೆ ಮನಸ್ಸಿಗೆ ಸರಿಬಾರದ ಎಳೆತವನ್ನು ಅಂಜದೆ ಇಳಿಸುವುದು ಮೊದಲು ಕಲಿಯಬೇಕಾದ ಪಾಠಗಳಲ್ಲೊಂದು.

ಲಿಂಬ್ ಮಾದರಿಯ ವಿರುದ್ಧ ಒಂದು ತೂಕದ ವಾದವಿದೆ. ಅದರ ತೋಳು ಬಾಣವನ್ನು ಹೆಚ್ಚು ದೂರ ಆಸರೆ ಕೊಟ್ಟು ಕಳಿಸುವುದರಿಂದ, ಹಿಡಿಯನ್ನು ತಿರುಚುವ ಕೈಯ ದೋಷವೂ ಬಾಣಕ್ಕೆ ಹೆಚ್ಚು ಹೊತ್ತು ತಗುಲುತ್ತದೆ ಎನ್ನುತ್ತಾರೆ. ಬೇಕೆಂದೇ ಹಿಡಿಯನ್ನು ಸ್ವಲ್ಪ ತಿರುಚಿ ಮೂರರಲ್ಲೂ ಬಾಣ ಬಿಟ್ಟು ನೋಡಿದೆ. ಎಲ್ಲದರಲ್ಲೂ ಬಾಣ ಅಡ್ಡಕ್ಕೆ ಸರಿಯಿತು, ಲಿಂಬ್‌ನಲ್ಲಿ ಮಾತ್ರ ಹೆಚ್ಚು ಸರಿಯಿತು ಎನ್ನುವಂಥದ್ದೇನೂ ಕಾಣಲಿಲ್ಲ. ನನಗಿಂತ ಬಿಗುವಾಗಿ ಗುಂಪು ಕೂರಿಸುವವರಿಗೆ ಕಂಡರೂ ಕಾಣಬಹುದು. ಅಂಥವರು ಬ್ಲೇಡ್‌ನಲ್ಲಿಯೇ ಮುಂದುವರಿಯಲಿ.

ನನ್ನ ತೀರ್ಮಾನವನ್ನು ಹೆಚ್ಚಾಗಿ ಗಟ್ಟಿಮಾಡಿದ್ದು ದಾರ ಕೈಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ. ತೋಳನ್ನು ಮೇಲೆಯೇ ಹಿಡಿದಿಡುವ ಲಾಕ್ ಇಲ್ಲದ ಕೇಬಲ್ ಮಾದರಿಯಲ್ಲಿ ದಾರ ಜಾರಿದರೆ ತೋಳು ಏಳುವುದೇ ಇಲ್ಲ. ಅದನ್ನು ಗಮನಿಸದೆ ಬಿಟ್ಟ ಬಾಣ ರೈಸರ್‌ಗೆ ಉಜ್ಜಿ ಎತ್ತಲೋ ಹೋಗಬಹುದು, ಅದು ಅಂಕದ ಪ್ರಶ್ನೆಯಲ್ಲ, ಅಪಾಯದ ಪ್ರಶ್ನೆ. ಲಿಂಬ್ ಮಾದರಿಯ ದಾರವನ್ನು ನಾನು ಬೇಕೆಂದೇ ಬಿಚ್ಚಿ ನೋಡಿದಾಗ ತೋಳು ಮೇಲೆ ಎದ್ದು ನಿಂತೇ ಇತ್ತು. ಗರಿ ತಾಗಿ ಬಾಣ ಕೊಂಚ ಅತ್ತಿತ್ತ ಹೋದರೂ ಗುರಿಹಾಳೆಯ ಮೇಲೆಯೇ ನೆಟ್ಟಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಲ್ಲನ್ನು ಇಟ್ಟು ಓಡಾಡುವ ನಮ್ಮಂಥವರಿಗೆ, ಕೇಬಲ್‌ನ ಎಳೆಗಳು ಕಾಲಕ್ರಮದಲ್ಲಿ ಹಿಗ್ಗಿದಾಗ ಟೈಮಿಂಗ್ ಕೂಡ ಬದಲಾಗುತ್ತದೆ ಎಂಬುದು ಸಣ್ಣ ಮಾತಲ್ಲ. ಲಿಂಬ್ ಹಿಗ್ಗುವುದಿಲ್ಲ, ಅದರ ದಾರವೊಂದನ್ನು ನೋಡಿಕೊಂಡರೆ ಆಯಿತು.

ಹೀಗಾಗಿ ಪ್ರೆಸ್ ಇಲ್ಲದೆ, ಬಯಲಿನಲ್ಲಿ, ಹೆಚ್ಚಾಗಿ ಒಬ್ಬರೇ ಆಡುವವರಿಗೆ ನಾನು ಲಿಂಬ್ ಮಾದರಿಯನ್ನೇ ಹೇಳುತ್ತೇನೆ. ಕೇಬಲ್ ಮಾದರಿಯನ್ನು ಅಂಗಡಿಯಲ್ಲಿ ಸರ್ವಿಂಗ್ ಸಮೇತ ಕಟ್ಟಿಸಿಕೊಳ್ಳುವ ಅನುಕೂಲವಿದ್ದವರಷ್ಟೇ ತೆಗೆದುಕೊಳ್ಳಲಿ. ಒಳಾಂಗಣದ 18 ಮೀಟರಿಗೆ, ನಿಯಮ ಒಪ್ಪುವ ಗರಿಷ್ಠ 9.3 ಮಿಲಿಮೀಟರ್ ದಪ್ಪದ ಬಾಣಗಳನ್ನು ಬಳಸುವಾಗ, ಗಾಳಿಯ ಕಾಟವಿಲ್ಲದ ಕಾರಣ ನಾನು ಬ್ಲೇಡನ್ನೇ ಇಟ್ಟುಕೊಂಡಿದ್ದೇನೆ. ದಪ್ಪ ಬಾಣ ಕವಲಿನಲ್ಲಿ ಮೇಲೆ ಕೂರುವುದರಿಂದ ರೆಸ್ಟ್ ಬದಲಿಸಿದಾಗಲೆಲ್ಲ ಎತ್ತರವನ್ನು ಹೊಸದಾಗಿ ಅಳೆಯಬೇಕು, ಪಟ್ಟಿಯ ಬುಡದಲ್ಲಿ ಬಿರುಕು ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು, ಒಂದು ಹೆಚ್ಚುವರಿ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಸದಾ ಇಟ್ಟಿರಬೇಕು. ಲಿಂಬ್ ಮಾದರಿಯವರು ಪ್ರತಿ ಅಭ್ಯಾಸಕ್ಕೂ ಮೊದಲು ದಾರದ ಗಂಟನ್ನೂ, ಅದು ಲಿಂಬ್‌ಗೆ ತಾಗುವ ಜಾಗದಲ್ಲಿ ನೂಲು ಎದ್ದಿದೆಯೇ ಎಂಬುದನ್ನೂ ಬೆರಳಿನಿಂದ ಸವರಿ ನೋಡಿ, ನೂಲು ಎದ್ದಿದ್ದರೆ ಅಂದೇ ಬದಲಿಸಬೇಕು; ಹೆದೆಯ ಮೇಲಿನ ಕುಣಿಕೆಯಾದ ಡಿ-ಲೂಪಿಗೆ ಬಳಸುವ ದಾರವೇ ಇದಕ್ಕೂ ಸಾಕಾಗುತ್ತದೆ.