ಅನುದಾನ ಕೊಡಿಸ್ತೀನಿ ಅಂದವರ ಕೈಗೆ ಖಾಲಿ ಲೆಟರ್‌ಹೆಡ್ ಕೊಡಬೇಡಿ

ನಮ್ಮದು ಚಿಕ್ಕ ಸಂಘ. ವಿಶೇಷ ಚೇತನ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ ನಡೆಸುತ್ತೇವೆ. 17 ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಾ. ಬಾಡಿಗೆ, ಸಂಬಳ ಎಲ್ಲ ದಾನಿಗಳ ದುಡ್ಡಿನಲ್ಲೇ ನಡೆಯಬೇಕು. ಎರಡು ತಿಂಗಳು ಸಂಬಳ ಬಾಕಿ ಬಿದ್ದಿದ್ದ ಹೊತ್ತಿನಲ್ಲಿ, ಕೇಂದ್ರ ಸರ್ಕಾರದ ಅನುದಾನ ಕೊಡಿಸ್ತೀನಿ ಅಂತ ಒಬ್ಬರು ಬಂದರು. ಸಂಘದ ಕಾರ್ಯದರ್ಶಿ ನಾನು. ಅವರನ್ನು ನಂಬಿದವಳೂ ನಾನೇ.

"ಮೇಡಂ, ಪೇಪರ್ ಕೆಲಸ ನನಗೆ ಬಿಡಿ, ನೀವು ಮಕ್ಕಳನ್ನ ನೋಡ್ಕೊಳ್ಳಿ" ಅಂದರು. ಆ ಮಾತು ಎಷ್ಟು ಹಿತವಾಗಿತ್ತು ಅಂತ ಸಣ್ಣ ಸಂಘ ನಡೆಸುವವರಿಗೆ ಮಾತ್ರ ಗೊತ್ತಾಗುತ್ತೆ. ಆನ್‌ಲೈನ್ ಅರ್ಜಿ, ಇಂಗ್ಲಿಷ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್, ಅಪ್‌ಲೋಡ್ ಆಗದ ಫೈಲು, ಇವುಗಳ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಸಾಕಾಗಿ ಹೋಗಿತ್ತು.

25 ಸಾವಿರ ಮುಂಗಡ, ಮಂಜೂರಾದ ಮೇಲೆ ಹತ್ತು ಪರ್ಸೆಂಟ್ ಅಂತ ಮಾತಾಯಿತು. ಬೈಲಾ, ಮೂರು ವರ್ಷದ ಆಡಿಟ್ ವರದಿ, ಪ್ಯಾನ್ ಕಾರ್ಡು ಎಲ್ಲದರ ಪ್ರತಿ ತಗೊಂಡರು. "ಏನಾದ್ರೂ ತಿದ್ದಬೇಕಾದರೆ ಪದೇ ಪದೇ ನಿಮ್ಮನ್ನ ಓಡಾಡಿಸೋದು ಯಾಕೆ" ಅಂತ ಹೇಳಿ ಐದು ಖಾಲಿ ಲೆಟರ್‌ಹೆಡ್‌ಗೆ ನನ್ನ ಸಹಿ, ಸಂಘದ ಸೀಲು ಹಾಕಿಸಿಕೊಂಡರು. ನಮ್ಮ ಖಜಾಂಚಿ ಹಿರಿಯರು. ಅವರು "ಖಾಲಿ ಹಾಳೆಗೆ ಸಹಿ ಬೇಡಮ್ಮ" ಅಂತ ಒಮ್ಮೆ ಅಂದರು. ನಾನು ಕೇಳಲಿಲ್ಲ.

ಮುಂದೆ ಆರು ತಿಂಗಳು ಫೋನ್ ಮಾಡಿದಾಗೆಲ್ಲ ಒಂದೇ ಉತ್ತರ, "ಫೈಲ್ ಮೂವ್ ಆಗ್ತಿದೆ ಮೇಡಂ." ಒಂದು ದಿನ ತಪಾಸಣೆಗೆ ಅಧಿಕಾರಿ ಬಂದರು. ಅರ್ಜಿಯ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು, ಹಾಜರಿ ಪುಸ್ತಕ ಕೇಳಿದರು. ಒಂದೊಂದೇ ಹೆಸರು ಓದಿ ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದರು. ಹದಿನೇಳನೇ ಹೆಸರಾದ ಮೇಲೆ ತಲೆ ಎತ್ತಿದರು.

"ಉಳಿದ 28 ಮಕ್ಕಳು ಎಲ್ಲಿ ಮೇಡಂ?"

ನನಗೆ ಅರ್ಥವಾಗಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. 45 ಹೆಸರುಗಳ ಪಟ್ಟಿ. ನಮ್ಮ ಮಕ್ಕಳ ಕೆಳಗೆ, ನಾವು ಕಂಡು ಕೇಳಿರದ ಮಕ್ಕಳು. ನಮ್ಮಲ್ಲಿ ಕೆಲಸವೇ ಮಾಡದ ಮೂವರು ಟೀಚರ್‌ಗಳ ಹೆಸರೂ ಇತ್ತು. ಕೊನೆಯಲ್ಲಿ ನನ್ನದೇ ಸಹಿ, ನಮ್ಮದೇ ಸೀಲು. ಪಕ್ಕದ ಕೋಣೆಯಲ್ಲಿ ಮಕ್ಕಳು ಮಣಿ ಪೋಣಿಸುತ್ತಾ ಕೂತಿದ್ದರು. ಸುಳ್ಳು ನಾನು ಬರೆದಿದ್ದಲ್ಲ ಅಂತ ಹೇಳಿದೆ. ಆದರೆ ಸಹಿ ನನ್ನದಲ್ಲ ಅನ್ನೋಕೆ ಆಗುತ್ತಾ?

ಅರ್ಜಿ ತಿರಸ್ಕಾರವಾಯಿತು. ಅನುದಾನ ಕೊಡಿಸ್ತೀನಿ ಅಂದಿದ್ದವರ ಫೋನ್ ಅಂದಿನಿಂದ ಸ್ವಿಚ್ ಆಫ್. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ತಿಳಿಯಿತು. ಸ್ವಯಂಸೇವಾ ಸಂಘಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ವೆಬ್‌ಸೈಟ್ ಎನ್‌ಜಿಒ ದರ್ಪಣ್‌ನಲ್ಲಿ ನಮ್ಮ ಸಂಘವನ್ನು ನೋಂದಾಯಿಸುವಾಗ ಮೊಬೈಲ್ ನಂಬರ್, ಇಮೇಲ್ ಎರಡೂ ತಮ್ಮದೇ ಕೊಟ್ಟಿದ್ದರು. ಓಟಿಪಿ ಹೋಗುವುದು ಅವರಿಗೆ. ಕೇಂದ್ರ ಸರ್ಕಾರದ ಅನುದಾನಕ್ಕೆ ದರ್ಪಣ್ ಗುರುತಿನ ಸಂಖ್ಯೆ ಬೇಕೇ ಬೇಕು. ನಮ್ಮ ಸಂಘದ ಬೀಗದ ಕೈ ಬೇರೆಯವರ ಜೇಬಿನಲ್ಲಿತ್ತು. ಅದನ್ನು ವಾಪಸ್ ನಮ್ಮ ಹೆಸರಿಗೆ ಮಾಡಿಸಿಕೊಳ್ಳುವಷ್ಟರಲ್ಲಿ ಆ ವರ್ಷದ ಅರ್ಜಿಯ ಗಡುವೂ ಮುಗಿಯಿತು. ಅಂದಹಾಗೆ ದರ್ಪಣ್ ನೋಂದಣಿಗೆ ಶುಲ್ಕವೇ ಇಲ್ಲ. ನಮ್ಮ ಮುಂಗಡದಲ್ಲಿ ಅದಕ್ಕೂ ಒಂದು ಪಾಲು ಹಿಡಿದಿದ್ದರು.

ಹತ್ತು ಪರ್ಸೆಂಟ್ ಅಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಯಾವ ಕೆಲಸಕ್ಕೆ ಮಂಜೂರಾಗಿದೆಯೋ ಅದಕ್ಕೇ ಖರ್ಚಾಗಬೇಕು. ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಅನುದಾನದ ಮೇಲೆ ಬಂದ ಬ್ಯಾಂಕ್ ಬಡ್ಡಿಯನ್ನೂ ಸರ್ಕಾರಕ್ಕೆ ಕಟ್ಟಬೇಕು. ಹೀಗಿರುವಾಗ ಮಧ್ಯವರ್ತಿಯ ಹತ್ತು ಪರ್ಸೆಂಟ್ ಯಾವ ಲೆಕ್ಕದಲ್ಲಿ ಬರೆಯೋದು? ಸುಳ್ಳು ಬಿಲ್ಲಿನಲ್ಲಿ ಮಾತ್ರ. ಅಂದರೆ ಅರ್ಜಿ ಮಂಜೂರಾಗಿದ್ದರೆ ನಾವು ಇನ್ನೂ ದೊಡ್ಡ ಹಳ್ಳಕ್ಕೆ ಬೀಳುತ್ತಿದ್ದೆವು.

ಇನ್ನೊಂದು ವಿಷಯ. ನಮ್ಮ ಆಫೀಸಿನ ಗೋಡೆ ಮೇಲೆ ಹಳೆಯ 12ಎ ಪ್ರಮಾಣಪತ್ರ, ಅಂದರೆ ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡುವ ನೋಂದಣಿ ಪತ್ರ, ಫ್ರೇಮ್ ಹಾಕಿಸಿ ಇಟ್ಟಿದ್ದೆವು. ಒಮ್ಮೆ ಸಿಕ್ಕರೆ ಯಾವಾಗಲೂ ನಡೆಯುತ್ತೆ ಅಂದುಕೊಂಡಿದ್ದೆವು. 2021ರ ಏಪ್ರಿಲ್‌ನಿಂದ ನಿಯಮ ಬದಲಾಗಿ, ಹಳೆಯ ನೋಂದಣಿ ಇದ್ದವರೆಲ್ಲ 10ಎ ಫಾರಂ ಹಾಕಿ ಹೊಸದಾಗಿ ಮಾಡಿಸಬೇಕಾಗಿತ್ತು. ನಾವು ಮಾಡಿಸಿರಲಿಲ್ಲ. ಆ ಮನುಷ್ಯ ಅದನ್ನೂ ನೋಡಿರಲಿಲ್ಲ. ಎಷ್ಟೋ ಸಂಘಗಳಿಗೆ ಅನುದಾನ ತಪ್ಪುವುದು ಇಂಥ ಕಡೆಯೇ. ಕೆಲಸ ಚೆನ್ನಾಗಿರುತ್ತೆ, ಕಾಗದ ಹಳೆಯದಾಗಿರುತ್ತೆ. ನಿಮ್ಮ ಗೋಡೆ ಮೇಲಿನದನ್ನು ಇವತ್ತೇ ನಿಮ್ಮ ಆಡಿಟರ್‌ಗೆ ತೋರಿಸಿ.

ಸಹಾಯ ತಗೊಳ್ಳಲೇಬೇಡಿ ಅಂತ ಹೇಳುತ್ತಿಲ್ಲ. ಇಂಗ್ಲಿಷ್ ಬರೆಯೋಕೆ, ಲೆಕ್ಕ ಜೋಡಿಸೋಕೆ ದುಡ್ಡು ಕೊಟ್ಟು ಜನ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಇಷ್ಟು ಅಂತ ಕೂಲಿ ಮೊದಲೇ ಗೊತ್ತಿರಲಿ, ರಸೀದಿ ಇರಲಿ. ಅವರು ನಿಮ್ಮ ಪಕ್ಕ ಕೂತು, ನಿಮ್ಮ ನಂಬರ್‌ಗೆ ಬಂದ ಓಟಿಪಿ ಹಾಕಿ ಕೆಲಸ ಮಾಡಲಿ. ಕಳಿಸುವ ಮೊದಲು ಅರ್ಜಿಯ ಪ್ರತಿಯೊಂದು ಪುಟವನ್ನೂ ಕಮಿಟಿ ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ. ನಾವು ಈಗ ಹಾಗೇ ಮಾಡುತ್ತಿದ್ದೇವೆ, ಜಾಸ್ತಿ ಹೊತ್ತು ಹಿಡಿಯುತ್ತೆ ನಿಜ.

ಫೈಲ್ ಎಲ್ಲಿದೆ ಅಂತ ತಿಳಿಯೋಕೆ ಯಾರ ಬಾಯಿ ಮಾತೂ ಬೇಕಿಲ್ಲ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನೇ ಇದೆ. ಮೋಸ ಮಾಡಿದವರಿಗೆ ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ಸುಮ್ನೆ ಕೂತು ಮೂರು ವಾರ ಕಳೆದೆ.

ಅದೇ ಮನುಷ್ಯ ಈಗ ಬೇರೆ ಸಂಘಗಳಿಗೆ ಹೋಗುತ್ತಿದ್ದಾರೆ ಅಂತ ಕೇಳಿದೆ. ಒಳ್ಳೆಯ ಮಾತು, ಕೈಯಲ್ಲಿ ದಪ್ಪ ಫೈಲು, ಅದರಲ್ಲಿ ಬೇರೆ ಸಂಘಗಳ ಮಂಜೂರಾತಿ ಆದೇಶದ ಜೆರಾಕ್ಸ್. ನಮಗೂ ಅದನ್ನೇ ತೋರಿಸಿದ್ದರು. ನಿಮ್ಮಲ್ಲಿಗೆ ಬಂದರೆ ಆ ಸಂಘಗಳ ಕಾರ್ಯದರ್ಶಿಗೆ ಅವರ ಎದುರಿಗೇ ಫೋನ್ ಮಾಡಿ.